ಒಂದು ಮಿಲಿಮೀಟರ್ ದಂತ

ಡೀಪ್ ರಿವರ್ ಊರಿನ ಟೌನ್ ಹಾಲ್ ಎದುರಿಗೆ ಒಂದು ಆನೆಯ ಪ್ರತಿಮೆ ಇದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ, ಅದೇ ಹೆಸರಿನ ನದಿ ಸಮುದ್ರ ಸೇರುವುದಕ್ಕೆ ಇನ್ನು ಕೆಲವೇ ಮೈಲಿ ಇರುವಾಗ ಸಿಗುವ ಪುಟ್ಟ ಊರು ಇದು. ಚಳಿಗಾಲದಲ್ಲಿ ಹಿಮ ಬೀಳುವ ಈ ಸೀಮೆಯಲ್ಲಿ ಆನೆಗೇನು ಕೆಲಸ ಎಂದು ಹೊಸಬರು ಕೇಳದೆ ಇರಲಾರರು. ಮೈಸೂರಿನವಳಾದ ನನಗಂತೂ ಆನೆ ಎಂದರೆ ಮೊದಲು ನೆನಪಾಗುವುದು ಅಂಬಾರಿ, ಆಮೇಲೆ ಕಬ್ಬಿನ ಗದ್ದೆ. ಈ ಆನೆಗೆ ಎರಡರ ಸಂಬಂಧವೂ ಇಲ್ಲ. ಸುಮಾರು ನೂರೈವತ್ತು ವರ್ಷ ಈ ಊರು ಮತ್ತು ಪಕ್ಕದ ಐವರಿಟನ್ ಬದುಕಿದ್ದು ಆನೆಯ ದಂತ ಕೊಯ್ದು. ಐವರಿಟನ್‌ನ ಹೆಸರೇ ಅಲ್ಲಿಂದ ಬಂತು.

ನಾವು ಹೊರಟಿದ್ದು ಆನೆ ನೋಡಲಿಕ್ಕಲ್ಲ, ಪಿಯಾನೊ ವಿಚಾರಿಸಲಿಕ್ಕೆ. ಹಾರ್ಟ್‌ಫರ್ಡ್ ಹತ್ತಿರ ಇರುವ ನನ್ನ ತಂಗಿ ಮಗಳಿಗಾಗಿ ಒಂದು ಹಳೆಯ ಪಿಯಾನೊ ಕೊಂಡಿದ್ದಳು. ಗೋಡೆಗೆ ಆನಿಸಿ ನಿಲ್ಲಿಸುವಂಥದ್ದು, ನೂರು ವರ್ಷ ದಾಟಿದ್ದು. ಅಮೆರಿಕದಲ್ಲಿ ಇಂಥ ಪಿಯಾನೊಗಳನ್ನು ಹೊತ್ತುಕೊಂಡು ಹೋಗುತ್ತೀರಾದರೆ ಬಿಟ್ಟಿಯಾಗಿಯೇ ಕೊಡುತ್ತಾರೆ. ದುಡ್ಡು ಖರ್ಚಾಗುವುದು ಆಮೇಲೆ. ತಂತಿ ಹೊಸದು, ಸುತ್ತಿಗೆಗಳ ಫೆಲ್ಟ್ ಹೊಸದು, ಶ್ರುತಿ ಹಿಡಿದಿಡುವ ಪಿನ್ನುಗಳು ಹೊಸವು. ಇಷ್ಟೆಲ್ಲ ಮುಗಿದ ಮೇಲೆ ಉಳಿದಿದ್ದು ಕೀಗಳು. ಬಿಳಿ ಕೀಗಳ ಮೇಲಿನ ಹೊದಿಕೆ ಕೆಲವೆಡೆ ಎದ್ದುಹೋಗಿತ್ತು, ಕೆಲವೆಡೆ ಮೂಲೆ ಮುರಿದಿತ್ತು, ಇದ್ದದ್ದೆಲ್ಲ ಹಳದಿ ತಿರುಗಿತ್ತು. ಪಿಯಾನೊ ಕಟ್ಟಿಕೊಡುತ್ತಿದ್ದವರು ನದಿಯಾಚೆಯ ಹಳ್ಳಿಯೊಂದರಲ್ಲಿ ಕೊಟ್ಟಿಗೆಯನ್ನೇ ಕಾರ್ಖಾನೆ ಮಾಡಿಕೊಂಡ ಎಪ್ಪತ್ತು ದಾಟಿದ ಹಿರಿಯರು. “ಬಂದು ನೋಡಿ ಹೇಳಿ, ಇದು ಫೋನಿನಲ್ಲಿ ಆಗುವ ಮಾತಲ್ಲ,” ಎಂದಿದ್ದರು.

ಪಿಯಾನೊದ ಕೀ ಎಂದರೆ ಬೆರಳಿಗೆ ಸಿಗುವ ಆ ಬಿಳಿ ಪಟ್ಟಿ ಅಷ್ಟೇ ಎಂದು ನಾನು ತಿಳಿದಿದ್ದೆ. ಬೆಂಚಿನ ಮೇಲೆ 88 ಕೀಗಳನ್ನೂ ಹೊರಗೆ ತೆಗೆದು ಸಾಲಾಗಿ ಇಟ್ಟಿದ್ದರು. ಒಂದೊಂದೂ ಮೊಳದುದ್ದದ ಹಗುರ ಮರದ ಪಟ್ಟಿ. ಅರ್ಧಕ್ಕಿಂತ ಹೆಚ್ಚು ಪಾಲು ಪೆಟ್ಟಿಗೆಯೊಳಗೆ ಅಡಗಿರುತ್ತದೆ, ನಡುವೆ ಒಂದು ಪಿನ್ನಿನ ಮೇಲೆ ಏತದಂತೆ ತೂಗುತ್ತದೆ. ಈ ತುದಿಯನ್ನು ಬೆರಳು ಹತ್ತು ಮಿಲಿಮೀಟರ್ ಒತ್ತಿದರೆ ಆ ತುದಿ ಮೇಲೆದ್ದು ಸುತ್ತಿಗೆಯನ್ನು ತಂತಿಯತ್ತ ಎಸೆಯುತ್ತದೆ. ಹೊದಿಕೆ ಇರುವುದು ಹೊರಗೆ ಕಾಣುವ ಭಾಗಕ್ಕೆ ಮಾತ್ರ. ಅದರ ದಪ್ಪ ಹೆಚ್ಚು ಕಡಿಮೆ ಒಂದು ಮಿಲಿಮೀಟರ್. ಪಿಯಾನೊ ಬಾರಿಸುವವರು ಆ ಇಡೀ ವಾದ್ಯದಲ್ಲಿ ಮುಟ್ಟುವುದು ಇಷ್ಟನ್ನೇ.

“ಇದು ನಿಜವಾದ ದಂತವೇ ಎಂದು ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿದೆ. ಅವರು ಒಂದು ಕೀ ಎತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಬೆರಳು ಕೂರುವ ಅಗಲ ಭಾಗ ಒಂದು ತುಂಡು, ಕರಿ ಕೀಗಳ ನಡುವೆ ತೂರಿಹೋಗುವ ಸಣ್ಣ ಭಾಗ ಇನ್ನೊಂದು ತುಂಡು. ತಲೆ ಮತ್ತು ಬಾಲ ಎಂದು ಕರೆಯುತ್ತಾರೆ. ಎರಡೂ ಕೂಡುವಲ್ಲಿ ಕೂದಲೆಳೆಯಷ್ಟು ತೆಳುವಾದ ಗೆರೆ. ದಂತವನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಒಂದೇ ತುಂಡಾಗಿ ಕೊಯ್ದರೆ ಮೂಲೆಯ ಭಾಗವೆಲ್ಲ ವ್ಯರ್ಥ. ಎರಡಾಗಿ ಕೊಯ್ದರೆ ಉಳಿತಾಯ. ಆ ಗೆರೆ ಕಂಡರೆ ಬಹುಮಟ್ಟಿಗೆ ದಂತವೇ. ಜೊತೆಗೆ ಬೆರಳಿನ ಗುರುತಿನ ಹಾಗೆ ಎಲ್ಲೂ ಮರುಕಳಿಸದ ಎಳೆಗಳು. ದಂತದ ನಕಲಾದ ಸೆಲ್ಯುಲಾಯ್ಡ್‌ನಲ್ಲೂ ಎಳೆ ಇರುತ್ತದೆ, ಆದರೆ ಅಳತೆಪಟ್ಟಿ ಇಟ್ಟು ಎಳೆದಂತೆ ಒಂದೇ ಸಮ. ಹುಟ್ಟಿನಲ್ಲಿ ಇಲ್ಲದ್ದನ್ನು ನಕಲು ಮಾಡಲು ಹೋದಾಗ ಮನುಷ್ಯನ ಕೈ ಅಚ್ಚುಕಟ್ಟುತನದಲ್ಲೇ ಸಿಕ್ಕಿಬೀಳುತ್ತದೆ.

ದಂತದ ಒಂದು ಹಾಳೆಯನ್ನು ನಮ್ಮೆದುರೇ ಬಿಡಿಸಿ ತೋರಿಸಿದರು. ಒದ್ದೆ ಬಟ್ಟೆಯ ಚೂರನ್ನು ದಂತದ ಮೇಲೆ ಹಾಸಿ, ಬಟ್ಟೆಗೆ ಇಡುವ ಸಣ್ಣ ಇಸ್ತ್ರಿಪೆಟ್ಟಿಗೆಯನ್ನೇ ಅದರ ಮೇಲೆ ಕೆಲವು ಕ್ಷಣ ಒತ್ತಿದರು. ಹಳೆಯ ಕಾಲದ ಅಂಟು ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ ಸರೇಸು. ಬಿಸಿ ಮತ್ತು ತೇವ ಎರಡೂ ತಗುಲಿದರೆ ಸಡಿಲವಾಗುತ್ತದೆ. ಆಮೇಲೆ ಮೊಂಡು ಅಂಚಿನ ತೆಳು ಚಾಕುವನ್ನು ಅಂಚಿನಿಂದ ತೂರಿಸಿ, ದಂತದ ಎಳೆ ಯಾವ ಕಡೆಗೆ ಓಡುತ್ತದೋ ಅದೇ ಕಡೆಗೆ ನಿಧಾನವಾಗಿ ಸರಿಸಿದರು. ಎದುರು ಎಳೆಗೆ ಹೋದರೆ ಸೀಳಿಬಿಡುತ್ತದಂತೆ. ಬಿಸಿ ಹೆಚ್ಚಾದರೆ ದಂತ ದೋಣಿಯಂತೆ ಬಾಗುತ್ತದೆ. ಹಾಳೆ ಎದ್ದು ಬಂದಾಗ ಕೊಟ್ಟಿಗೆಯ ತುಂಬ ಸುಟ್ಟ ಕೊಂಬಿನ ವಾಸನೆ ಎದ್ದಿತು. ನನ್ನ ತಂಗಿಯ ಮಗಳು ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು.

ಹಾಳೆಯ ಕೆಳಗೆ ಸುಣ್ಣದಂಥ ಬಿಳಿ. ಅಂಟಿಗೆ ಬಿಳಿ ಪುಡಿ ಕಲಸಿ, ಆ ಅಂಟಿನಲ್ಲಿ ನೆನೆಸಿದ ತೆಳು ಬಟ್ಟೆಯನ್ನು ಮರಕ್ಕೂ ದಂತಕ್ಕೂ ನಡುವೆ ಇಡುತ್ತಿದ್ದರು. ದಂತವನ್ನು ಅಷ್ಟು ತೆಳುವಾಗಿ ಸೀಳಿದರೆ ಅದು ಅರೆಪಾರದರ್ಶಕವಾಗುತ್ತದೆ. ಕೆಳಗಿನ ಮರದ ಬಣ್ಣ ಮೇಲಕ್ಕೆ ಇಣುಕುತ್ತದೆ. ಅಂದರೆ ನಾವು ನೋಡಿ ಮೆಚ್ಚುವ ಆ ಬಿಳುಪಿನಲ್ಲಿ ಅರ್ಧ ಆನೆಯದು, ಅರ್ಧ ಸೀಮೆಸುಣ್ಣದ್ದು. ಬಿಳಿಯ ಅಂಟನ್ನು ಕೆರೆದಾಗ ಅದರ ಕೆಳಗೆ ಮರದ ಮೇಲೆ ಗೀಚಿದ ಗೆರೆಗಳು ಕಂಡವು. ಎಲ್ಲಿಂದ ಎಲ್ಲಿಗೆ ಕೊಯ್ಯಬೇಕು ಎಂದು ನೂರು ವರ್ಷದ ಹಿಂದೆ ಯಾರೋ ಎಳೆದ ಗೆರೆ. ಪಕ್ಕದ ಕೀಯ ಬದಿಯಲ್ಲಿ ಕ್ರಮಸಂಖ್ಯೆ. ಮೊದಲನೇ ಕೀಯ ಮೇಲೆ ಮಾಸಿದ ಮುದ್ರೆ: ಕಾಮ್‌ಸ್ಟಾಕ್, ಚೀನಿ ಅಂಡ್ ಕಂಪನಿ, ಐವರಿಟನ್, ಕನೆಕ್ಟಿಕಟ್.

“ಪಿಯಾನೊ ಮಾಡಿದ್ದು ಎಲ್ಲೋ, ಕೀಗಳು ಹುಟ್ಟಿದ್ದು ಮಾತ್ರ ಇಲ್ಲೇ, ಕಾರಿನಲ್ಲಿ ಸ್ವಲ್ಪ ದೂರ,” ಎಂದರು ಅವರು. “ಹೋಗಿ ನೋಡಿಕೊಂಡು ಬನ್ನಿ. ಆಮೇಲೆ ಪ್ಲಾಸ್ಟಿಕ್ ಹಾಕಲೋ, ದಂತವನ್ನೇ ಉಳಿಸಲೋ ಹೇಳಿ.”

ತಂಗಿಯ ತೀರ್ಮಾನ ಆಗಲೇ ಆಗಿತ್ತು. “ಅಕ್ಕಾ, ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ? ಎಲ್ಲ ತೆಗೆಸಿ ಹೊಸದು ಹಾಕಿಸಿದರೆ ಬೆಳ್ಳಗೆ ಹಲ್ಲು ಜೋಡಿಸಿದ ಹಾಗೆ ಇರುತ್ತೆ.” ಆನೆಯ ಹಲ್ಲನ್ನು ಕಿತ್ತು ಹಾಕುವ ಮಾತಿನ ನಡುವೆ ಅವಳಿಗೆ ಈ ಹೋಲಿಕೆ ಹೊಳೆದದ್ದು ನನಗೆ ನಗು ತರಿಸಿತು. ಅವಳು ನಗಲಿಲ್ಲ.

ಹೊಸದು ಹಾಕುವುದೂ ಅಂದುಕೊಂಡಷ್ಟು ಸಲೀಸಲ್ಲ. ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಹೊದಿಕೆ ಸುಮಾರು ಎರಡು ಮಿಲಿಮೀಟರ್ ದಪ್ಪ, ದಂತದ ಇಮ್ಮಡಿ. ಹಾಗೇ ಅಂಟಿಸಿದರೆ ಬಿಳಿ ಕೀಗಳು ಎತ್ತರವಾಗಿ, ಅವುಗಳಿಗಿಂತ ಸುಮಾರು ಹನ್ನೆರಡು ಮಿಲಿಮೀಟರ್ ಮೇಲಿರಬೇಕಾದ ಕರಿ ಕೀಗಳು ಕುಳ್ಳಗಾಗುತ್ತವೆ. ಬೆರಳಿಗೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಪ್ರತಿ ಕೀಯ ಮರವನ್ನೂ ಒಂದು ಮಿಲಿಮೀಟರಿನಷ್ಟು ಹೆರೆದು ತಗ್ಗಿಸಬೇಕು. 52 ಕೀಗಳಲ್ಲಿ ಒಂದನ್ನು ಒಂದಿಷ್ಟು ಹೆಚ್ಚು ಹೆರೆದರೂ ಸಾಲು ಅಂಕುಡೊಂಕು. ಹೆರೆದ ಮೇಲೆ ಮೂಲದ ಗೆರೆ, ಮೂಲದ ಮರ ಎರಡೂ ಹೋದವು. ಮುಂದೆ ಯಾರಿಗಾದರೂ ಮತ್ತೆ ದಂತ ಕೂರಿಸಬೇಕೆನಿಸಿದರೆ ಕೂರಿಸಲು ಜಾಗ ಸರಿಹೋಗುವುದಿಲ್ಲ. ಅಂಟಿಸಿ, ಕ್ಲ್ಯಾಂಪ್ ಬಿಗಿದು, ಒಣಗಿದ ಮೇಲೆ ಬದಿಗಳನ್ನು ಅರದಿಂದ ತೀಡಬೇಕು. ಕರಿ ಕೀ ಒರಸದಂತೆ ಮೂಲೆಗಳನ್ನು ಕೊರೆಯಬೇಕು. ಎರಡು ಕೀಗಳ ನಡುವಿನ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು. ಕೊನೆಗೆ ಬಟ್ಟೆಚಕ್ರದಲ್ಲಿ ಉಜ್ಜಿ ಅಂಚಿನ ಚೂಪು ತೆಗೆಯಬೇಕು. ಚೂಪು ಉಳಿದರೆ ಬೆರಳನ್ನು ಸರ್ರನೆ ಎಳೆದು ಬಾರಿಸುವ ಕಡೆ ಚರ್ಮ ಕಿತ್ತುಬರುತ್ತದೆ.

ಹಳೆಯ ದಂತವನ್ನು ಉಳಿಸುವುದು ಇನ್ನೊಂದು ಬಗೆಯ ಕೆಲಸ. ಸಡಿಲವಾದದ್ದನ್ನು ಬಿಡಿಸಿ, ಹಿಂಬದಿಯ ಹಳೆಯ ಅಂಟು ಕೆರೆದು, ಬಾಗಿದ್ದರೆ ತೇವ ಕೊಟ್ಟು ಚಪ್ಪಟೆ ಮಾಡಿ, ಮತ್ತೆ ಬಿಳಿ ಅಂಟು ಹಚ್ಚಿ, ಬೆಚ್ಚಗಿನ ಲೋಹದ ತಟ್ಟೆ ಇಟ್ಟು ಬಿಗಿಯಬೇಕು. ಕಳೆದುಹೋದದ್ದಕ್ಕೆ ಬೇರೆ ಸತ್ತ ಪಿಯಾನೊಗಳಿಂದ ತೆಗೆದಿಟ್ಟ ಹಾಳೆಗಳಲ್ಲಿ ಜೋಡಿ ಹುಡುಕಬೇಕು. ಅವರ ಬಳಿ ಡ್ರಾಯರ್ ತುಂಬ ಹಾಳೆಗಳಿದ್ದವು: ಹಾಲಿನ ಬಣ್ಣ, ಬೆಣ್ಣೆಯ ಬಣ್ಣ, ಹಳೆಯ ಪುಸ್ತಕದ ಹಾಳೆಯ ಬಣ್ಣ. ಅಗಲ, ದಪ್ಪ, ಎಳೆ, ಬಣ್ಣ ನಾಲ್ಕೂ ಹೊಂದುವುದು ಅಪರೂಪ. ಮೇಲ್ಮೈಯನ್ನು ನಯವಾದ ಉಪ್ಪುಕಾಗದದಿಂದ ನೀರು ಹಾಕಿ ತೀಡಿ, ಸೀಮೆಸುಣ್ಣದ ಪುಡಿಯಿಂದ ಹೊಳಪು ಕೊಡುತ್ತಾರೆ. ಎಷ್ಟು ತೀಡಬೇಕು ಎನ್ನುವುದೇ ಕಷ್ಟ. ನಡುಭಾಗದ ಕೀಗಳಲ್ಲಿ ನೂರು ವರ್ಷದ ಬೆರಳುಗಳು ಕೊರೆದ ಸಣ್ಣ ತಗ್ಗು ಇದೆ. ಅದನ್ನು ಪೂರ್ತಿ ಸಮ ಮಾಡಹೊರಟರೆ ದಂತ ತೂತಾಗುವಷ್ಟು ತೆಳುವಾದೀತು.

ಹಳದಿ ಯಾಕಾಯಿತು ಎಂದರೆ, ಮುಚ್ಚಳ ಮುಚ್ಚಿಟ್ಟದ್ದಕ್ಕೆ. ದಂತ ಕತ್ತಲಲ್ಲಿ ಹಳದಿಯಾಗುತ್ತದೆ, ಬೆಳಕಿನಲ್ಲಿ ಬಿಳುಪಾಗುತ್ತದೆ. ಜೋಪಾನವಾಗಿರಲಿ ಎಂದು ಯಾರೂ ಮುಟ್ಟದಂತೆ ಮುಚ್ಚಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಫೋಟೋ ಸಾಲು ಇಟ್ಟ ಪಿಯಾನೊಗಳದೇ ಹೆಚ್ಚು ಹಳದಿ.

ಈ ಗುಟ್ಟು ಗೊತ್ತಿದ್ದದ್ದರಿಂದಲೇ ಡೀಪ್ ರಿವರ್ ಮತ್ತು ಐವರಿಟನ್‌ನಲ್ಲಿ ಗಾಜಿನ ಮನೆಗಳೆದ್ದವು. ಆ ಊರುಗಳ ಹಳೆಯ ಫೋಟೋಗಳಲ್ಲಿ ಅವು ಸಾಲುಸಾಲಾಗಿ ಕಾಣುತ್ತವೆ. ಇಳಿಜಾರು ಗಾಜಿನ ಮಾಡಿನ ಉದ್ದುದ್ದ ಶೆಡ್ಡುಗಳು, ತರಕಾರಿ ಸಸಿ ಬೆಳೆಸುವ ಹಸಿರುಮನೆಗಳೆಂದೇ ಮೊದಲು ಅನಿಸುತ್ತದೆ. ಒಳಗೆ ಬೆಳೆದದ್ದು ಬಿಳುಪು. ಸೀಳಿದ ದಂತದ ಹಾಳೆಗಳನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅದ್ದಿ, ಹಲಗೆಗಳ ಮೇಲೆ ಹರಡಿ, ವಾರಗಟ್ಟಲೆ ಬಿಸಿಲು ಕಾಯಿಸುತ್ತಿದ್ದರು. ಹಪ್ಪಳ ಒಣಗಿಸುವವರಿಗಿರುವಷ್ಟೇ ಮೋಡದ ಚಿಂತೆ ಅವರಿಗೂ ಇದ್ದಿರಬೇಕು.

ಈ ಕಸುಬು ಶುರುವಾದದ್ದು ಪಿಯಾನೊದಿಂದಲ್ಲ, ಬಾಚಣಿಗೆಯಿಂದ. ಹದಿನೆಂಟನೇ ಶತಮಾನದ ಕೊನೆಗೆ ಫಿನಿಯಾಸ್ ಪ್ರಾಟ್ ಎಂಬಾತ ದಂತದ ಬಾಚಣಿಗೆಗೆ ಹಲ್ಲು ಕೊಯ್ಯುವ ಯಂತ್ರ ಮಾಡಿದ. ಅದುವರೆಗೆ ಒಂದೊಂದು ಹಲ್ಲನ್ನೂ ಕೈಗರಗಸದಿಂದ ಸೀಳುತ್ತಿದ್ದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ಹಡಗಿನ ತಳಕ್ಕೆ ಸಿಡಿಮದ್ದು ಕಟ್ಟಲು 1776ರಲ್ಲಿ ನೀರೊಳಗೆ ಇಳಿದ ‘ಟರ್ಟಲ್’ ಎಂಬ ಜಲಾಂತರ್ಗಾಮಿಯ ಕೆಲಸದಲ್ಲೂ ಈತನ ಕೈ ಇತ್ತು. ಸಿಡಿಮದ್ದು ಹಡಗಿಗೆ ಅಂಟಲಿಲ್ಲ, ಬಾಚಣಿಗೆ ಮಾತ್ರ ಊರಿಗೇ ಅಂಟಿಕೊಂಡಿತು. ಬಾಚಣಿಗೆಯ ಹಲ್ಲು ಕೊಯ್ಯುವ ತೆಳು ಗರಗಸವೇ ಮುಂದೆ ಪಿಯಾನೊದ ಹಾಳೆ ಸೀಳಲು ಒದಗಿತು. 1863ರಲ್ಲಿ ಮೂರು ಸಂಸ್ಥೆಗಳು ಕೂಡಿ ಡೀಪ್ ರಿವರ್‌ನಲ್ಲಿ ಪ್ರಾಟ್, ರೀಡ್ ಕಂಪನಿಯಾಯಿತು. 1881ರಲ್ಲಿ ಕಾರ್ಖಾನೆ ಸುಟ್ಟುಹೋಗಿ ಮತ್ತೆ ಎದ್ದಿತು. ಪಕ್ಕದಲ್ಲಿ ಸ್ಯಾಮ್ಯುಯೆಲ್ ಕಾಮ್‌ಸ್ಟಾಕ್, ಆಫ್ರಿಕದ ಪೂರ್ವ ತೀರದ ಜಾಂಜಿಬಾರ್‌ನಲ್ಲಿ ದಂತದ ವ್ಯಾಪಾರ ಮಾಡಿ ಬಂದ ಜಾರ್ಜ್ ಚೀನಿ ಕೂಡಿ ಇನ್ನೊಂದು ಕಂಪನಿ ಬೆಳೆಸಿದರು. ಅಮೆರಿಕಕ್ಕೆ ಬರುತ್ತಿದ್ದ ದಂತದ ಬಹುಪಾಲು ಈ ಎರಡು ಊರುಗಳಿಗೇ ಇಳಿಯುತ್ತಿತ್ತು.

ಆನೆಯ ಕೊಂಬು ಕಾರ್ಖಾನೆಗೆ ಬಂದ ಮೇಲೆ ನಡೆಯುತ್ತಿದ್ದದ್ದೆಲ್ಲ ಒಂದೇ ಗುರಿಯ ಕೆಲಸ ಎಂದು ನನಗೆ ಆ ದಿನ ಅನ್ನಿಸತೊಡಗಿತು. ಮೊದಲು ಅಡ್ಡಡ್ಡ ಕೊಯ್ದು ತುಂಡುಗಳಾಗಿಸುವುದು. ಅನುಭವಸ್ಥನೊಬ್ಬ ಪ್ರತಿ ತುಂಡಿನ ಮುಖದ ಮೇಲೆ ಪೆನ್ಸಿಲಿನಿಂದ ಎಲ್ಲಿ ಎಷ್ಟು ಪಟ್ಟಿ ಹೊರಡುತ್ತದೆ ಎಂದು ಗುರುತು ಹಾಕುವುದು. ಪಟ್ಟಿ ಮಾಡಿ, ನೀರು ಬಿಡುತ್ತ ಹಾಳೆ ಸೀಳುವುದು. ಬಿಸಿಲಿಗೆ ಇಟ್ಟು ಬಣ್ಣ ತೆಗೆಯುವುದು. ಆಮೇಲೆ ಎಳೆ, ಛಾಯೆ ನೋಡಿ ಜೋಡಿಸುವುದು. 52 ತಲೆ, 52 ಬಾಲ ಎಲ್ಲವೂ ಒಂದೇ ಮೈಯಿಂದ ಬಂದಂತೆ ಕಾಣಬೇಕು. ಎಳೆ ಹೆಚ್ಚು ಎದ್ದು ಕಂಡರೆ ಬೆಲೆ ಕಡಿಮೆ, ಕಾಣದಿದ್ದರೆ ಮೇಲಿನ ದರ್ಜೆ. ಅಂದರೆ ಪ್ರಾಣಿಯೊಂದರ ಮೈಯಲ್ಲಿ ದಶಕಗಟ್ಟಲೆ ಬೆಳೆದ ಗುರುತನ್ನು ಎಷ್ಟು ಅಳಿಸಿದರೆ ಅಷ್ಟು ಒಳ್ಳೆಯ ಮಾಲು. ತಲೆ ಬಾಲ ಕೂಡಿದ ಗೆರೆ ಕಾಣಬಾರದು, ಮರ ಕಾಣಬಾರದು, ಅಂಟು ಕಾಣಬಾರದು.

ಲೆಕ್ಕ ಹೀಗೆ ಹೇಳುತ್ತಾರೆ: ಸುಮಾರು 34 ಕಿಲೋ ತೂಗುವ ಒಂದು ಕೊಂಬಿನಿಂದ 45 ಪಿಯಾನೊಗಳಿಗೆ ಸಾಕಾಗುವಷ್ಟು ಹಾಳೆ. ಪಿಯಾನೊ ಒಂದಕ್ಕೆ ಮುಕ್ಕಾಲು ಕಿಲೋ ಬಿತ್ತು. ಆದರೆ ಕೀಗಳ ಮೇಲೆ ಕೂರುವುದು ಅದರಲ್ಲಿ ಸಣ್ಣ ಪಾಲು. ಹಾಳೆ ಗರಗಸದಷ್ಟೇ ತೆಳುವಾದಾಗ ಕೊಯ್ತದಲ್ಲಿ ಹೋಗುವ ಪುಡಿ ಹಾಳೆಗಿಂತ ಕಡಿಮೆಯೇನೂ ಇರುವುದಿಲ್ಲ. ಆ ಪುಡಿ ಗೊಬ್ಬರಕ್ಕೆ ಹೋಗುತ್ತಿತ್ತು. ಆಫ್ರಿಕದ ಆನೆ ಕನೆಕ್ಟಿಕಟ್‌ನ ತೋಟಗಳಿಗೂ ಬಿದ್ದಿದೆ. 1910ರ ಸುಮಾರಿಗೆ ಅಮೆರಿಕದಲ್ಲಿ ವರ್ಷಕ್ಕೆ ಮೂರೂವರೆ ಲಕ್ಷದಷ್ಟು ಪಿಯಾನೊ ತಯಾರಾಗುತ್ತಿದ್ದವು. ನನ್ನ ತಂಗಿಯ ಮನೆಯದು ಆ ಗುಂಪಿನಲ್ಲಿ ಒಂದು.

ಕೊಂಬು ಬರುತ್ತಿದ್ದದ್ದು ಜಾಂಜಿಬಾರ್‌ನಿಂದ. ಈ ಕಥೆಗೆ ನಮ್ಮ ಕಡೆಯವರೂ ಹೊರಗಿನವರಲ್ಲ. ಅಲ್ಲಿನ ಹಣದ ಥೈಲಿ ಇದ್ದದ್ದು ಕಛ್‌ನಿಂದ ಹೋದ ವ್ಯಾಪಾರಿಗಳ ಕೈಯಲ್ಲಿ. ಅವರಲ್ಲಿ ಬಲು ಶ್ರೀಮಂತನಾದ ಥಾರಿಯಾ ಟೋಪನ್ ಅಮೆರಿಕದ ವರ್ತಕರಿಗೂ ಬೇಕಾದವನು. ಒಳನಾಡಿಗೆ ದಂಡು ಕಟ್ಟಿಕೊಂಡು ಹೋಗಿ ದಂತವನ್ನೂ ಮನುಷ್ಯರನ್ನೂ ತರುತ್ತಿದ್ದ ಟಿಪ್ಪು ಟಿಪ್‌ಗೆ ಬಂಡವಾಳ ಕೊಟ್ಟವನೂ ಅವನೇ. ಮರದ ಕೆತ್ತನೆಯ ಬಾಲ್ಕನಿಗಳಿರುವ ಅವನ ಆಸ್ಪತ್ರೆ ಕಟ್ಟಡವನ್ನು ಇವತ್ತೂ ಜಾಂಜಿಬಾರ್‌ನ ಕಡಲತೀರದಲ್ಲಿ ಪ್ರವಾಸಿಗರು ನಿಂತು ನೋಡುತ್ತಾರೆ. ಟಾಂಗಾನಿಕಾ ಸರೋವರದ ಉಜಿಜಿಯಿಂದ ಬಗಮೊಯೊ ತೀರಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ. ಸಾಮಾನು ಎಳೆಯುವ ದನಕುದುರೆಗಳು ತ್ಸೆತ್ಸೆ ನೊಣದ ಕಾಟಕ್ಕೆ ಉಳಿಯುತ್ತಿರಲಿಲ್ಲ. ಹೊರಬೇಕಾದದ್ದು ಮನುಷ್ಯರೇ. ಎಲ್ಲರೂ ಗುಲಾಮರಾಗಿದ್ದರು ಎನ್ನುವುದೂ ಸರಿಯಲ್ಲ. ನ್ಯಾಮ್ವೇಜಿ ಜನ ಕೂಲಿಗಾಗಿ ಹೊರುತ್ತಿದ್ದರು, ಆ ಹೊರುವಿಕೆಯಲ್ಲಿ ಅವರಿಗೆ ಹೆಮ್ಮೆಯೂ ಇತ್ತು. ಆದರೆ ಸಂಕೋಲೆ ಹಾಕಿಸಿಕೊಂಡು ಹೊತ್ತವರು, ತೀರ ಮುಟ್ಟಿದ ಮೇಲೆ ಕೊಂಬಿನ ಜೊತೆ ತಾವೂ ಮಾರಾಟವಾದವರು ಕಡಿಮೆ ಇರಲಿಲ್ಲ. ಜಾಂಜಿಬಾರ್‌ನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ.

ಡೀಪ್ ರಿವರ್‌ನಲ್ಲಿ ವಿಂಟರ್ ಅವೆನ್ಯೂ ಎಂಬ ರಸ್ತೆ ಇದೆ. ಋತುವಿನ ಹೆಸರಲ್ಲ, ಮನುಷ್ಯನದು. ದಕ್ಷಿಣದ ತೋಟಗಳ ಗುಲಾಮಗಿರಿಯಿಂದ ಓಡಿಬಂದ ಡೇನಿಯಲ್ ಫಿಶರ್ ಎಂಬ ಯುವಕ 1828ರಲ್ಲಿ ಈ ಊರು ಮುಟ್ಟಿದ. ಅವನಿಗೆ ಆಸರೆ ಕೊಟ್ಟವರು ಊರಿನ ಚರ್ಚಿನ ಡೀಕನ್ ಜಾರ್ಜ್ ರೀಡ್. ಹೆಸರು ಬದಲಿಸಿಕೊ ಎಂದರು, ಅವನು ವಿಲಿಯಂ ವಿಂಟರ್ಸ್ ಆದ. ಹಿಡಿಯುವವರು ಗುರುತು ಹಚ್ಚದಿರಲಿ ಎಂದು ಕೃತಕ ಕೂದಲು ತೊಡಿಸಿದರು. ಗುಲಾಮಗಿರಿಯನ್ನು ಮನಸಾರೆ ವಿರೋಧಿಸಿದ, ಅದಕ್ಕಾಗಿ ಅಪಾಯವನ್ನೂ ಎದುರು ಹಾಕಿಕೊಂಡ ಈ ಜಾರ್ಜ್ ರೀಡ್ ಅವರೇ ಪ್ರಾಟ್, ರೀಡ್ ಕಂಪನಿಯ ರೀಡ್. ಬದುಕಿಗೆ ದಂತದ ವ್ಯಾಪಾರ.

ಇದನ್ನು ಓದಿದ ಮೇಲೆ ಅವರನ್ನು ಬೂಟಾಟಿಕೆಯವರು ಎಂದುಬಿಡುವುದು ಸುಲಭ. ನನಗೆ ಹಾಗೆ ಅನ್ನಿಸಲಿಲ್ಲ. ಮನೆಬಾಗಿಲಿಗೆ ಬಂದ ಒಬ್ಬ ಮನುಷ್ಯನ ಮುಖ ಅವರಿಗೆ ಕಂಡಿತು, ಬಾಗಿಲು ತೆರೆದರು. ಕೊಂಬು ಬಂದದ್ದು ಮಾತ್ರ ಹಡಗಿನಲ್ಲಿ, ತೂಕದ ಚೀಟಿ ಅಂಟಿಸಿಕೊಂಡು. ಅದನ್ನು ಹೊತ್ತವನ ಮುಖ ಚೀಟಿಯಲ್ಲಿರಲಿಲ್ಲ. ಆನೆಯ ಎಳೆಯನ್ನು ಅಳಿಸುವ ಮೊದಲೇ ಹೊತ್ತವರ ಗುರುತು ದಾರಿಯಲ್ಲೇ ಅಳಿಸಿಹೋಗಿತ್ತು. ಇವತ್ತು ನನ್ನ ಕೈಯಲ್ಲಿರುವ ಫೋನಿನ ಕೋಬಾಲ್ಟ್ ಅದೇ ಉಜಿಜಿಯಾಚೆಯ ಕಾಂಗೋದಿಂದ ಬಂದಿರಬಹುದು. ಅದನ್ನು ಅಗೆದವರು ಯಾರೆಂದು ನಾನು ಕೇಳಿಲ್ಲ, ಡೀಕನ್ ರೀಡ್ ಅವರನ್ನು ಜರೆಯುವ ಗೋಜಿಗೂ ಹೋಗುವುದಿಲ್ಲ.

ಐವರಿಟನ್‌ನಲ್ಲಿ ಈಗ ಹೆಚ್ಚು ಜನ ಬರುವುದು ನಾಟಕಕ್ಕೆ. 1911ರಲ್ಲಿ ಕಂಪನಿ ತನ್ನ ಕೆಲಸಗಾರರ ಮನರಂಜನೆಗೆಂದು ಕಟ್ಟಿಸಿದ ಸಭಾಂಗಣವೇ ಐವರಿಟನ್ ಪ್ಲೇಹೌಸ್. ಕ್ಯಾಥರಿನ್ ಹೆಪ್‌ಬರ್ನ್ ಹಾಲಿವುಡ್‌ಗೆ ಹೋಗುವ ಮುನ್ನ ಇಲ್ಲಿ ಬಣ್ಣ ಹಚ್ಚಿದ್ದಳು. ಡೀಪ್ ರಿವರ್‌ನ ಹಳೆಯ ಕಾರ್ಖಾನೆ ಕಟ್ಟಡದಲ್ಲಿ ಮನೆಗಳಾಗಿವೆ. ರೇಡಿಯೊ ಬಂದು, 1929ರ ಷೇರುಪೇಟೆಯ ಕುಸಿತ ಬಂದು, ಪಿಯಾನೊ ಕೊಳ್ಳುವವರಿಲ್ಲದೆ ಎರಡೂ ಕಂಪನಿಗಳು 1936ರಲ್ಲಿ ಒಂದಾದವು. ಎರಡನೇ ಮಹಾಯುದ್ಧದಲ್ಲಿ ಕೀ ಮಾಡುವ ಕೈಗಳೇ ಸೈನ್ಯಕ್ಕೆ ಗ್ಲೈಡರ್ ವಿಮಾನ ಮಾಡಿದವು. 1950ರ ದಶಕದಲ್ಲಿ ದಂತ ನಿಂತು ಪ್ಲಾಸ್ಟಿಕ್ ಬಂತು. ದಯೆಯಿಂದ ಅಲ್ಲ, ಬೆಲೆಯಿಂದ.

ದಂತಕ್ಕೆ ಬದಲಿ ಹುಡುಕುವ ಆಸೆ ಅದಕ್ಕಿಂತ ಹಳೆಯದು. ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಬೇರೆ ವಸ್ತು ಕಂಡುಹಿಡಿದವರಿಗೆ ಹತ್ತು ಸಾವಿರ ಡಾಲರ್ ಎಂದು ನ್ಯೂಯಾರ್ಕಿನ ತಯಾರಕರು ಸಾರಿದ್ದರು. ಜಾನ್ ವೆಸ್ಲಿ ಹಯಾಟ್ 1870ರ ಸುಮಾರಿಗೆ ಸೆಲ್ಯುಲಾಯ್ಡ್ ರೂಪಿಸಿದ್ದು ಆ ಹಾದಿಯಲ್ಲೇ. ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ, ಅದರಲ್ಲಿ ಕರ್ಪೂರವೇ ಇದೆ. ಕಿಡಿ ತಾಗಿದರೆ ಕರ್ಪೂರಕ್ಕಿಂತ ಜೋರಾಗಿ ಉರಿಯುತ್ತದೆ. ಮುಂದೆ ಜಪಾನಿನ ಯಮಾಹಾ ಹಾಲಿನ ಪ್ರೋಟೀನಿನಿಂದ ಐವರೈಟ್ ಎಂಬ ಹೊದಿಕೆ ಮಾಡಿತು. ದಂತ ಬೆವರು ಹೀರುತ್ತದೆ, ಪ್ಲಾಸ್ಟಿಕ್ ಜಾರುತ್ತದೆ ಎಂಬುದು ಪಿಯಾನೊ ಬಾರಿಸುವವರ ಹಳೆಯ ದೂರು. ಆ ಹೀರುವ ಗುಣಕ್ಕಾಗಿಯೇ ಈ ಪ್ರಯತ್ನ. ದೂರಿನಲ್ಲಿ ಎಷ್ಟು ನಿಜ, ಎಷ್ಟು ಅಭ್ಯಾಸಬಲ ಎಂದು ಹೇಳುವಷ್ಟು ನನ್ನ ಬೆರಳಿಗೆ ವಿದ್ಯೆ ಇಲ್ಲ. ನಾನು ಕಲಿತದ್ದು ಹಾರ್ಮೋನಿಯಂ, ಅದೂ ಭಜನೆಗೆ ಸಾಕಾಗುವಷ್ಟು.

ಮೈಸೂರಿಗೂ ಪಿಯಾನೊಗೂ ನಂಟಿದೆ. ಜಯಚಾಮರಾಜ ಒಡೆಯರ್ ಪಿಯಾನೊ ಬಲ್ಲವರು. ಲಂಡನ್‌ನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸುವಂತೆ ಹಣ ಕೊಟ್ಟವರು ಅವರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದರು. ಅದೇ ಮೈಸೂರಿನ ಅರಮನೆಯಲ್ಲಿ ಅಂಬಾವಿಲಾಸಕ್ಕೆ ಹೋಗುವಾಗ ಬೀಟೆಮರದ ಬಾಗಿಲಿಗೆ ಕೂರಿಸಿದ ದಂತದ ಕೆಲಸ ಕಾಣುತ್ತದೆ. ಆ ಕೆಲಸದವರ ದಾರಿ ಡೀಪ್ ರಿವರ್‌ನವರ ದಾರಿಗೆ ತದ್ವಿರುದ್ಧ. ಇವರು ಕಪ್ಪುಗೆಂಪು ಮರದಲ್ಲಿ ಬಿಳಿ ಎದ್ದು ಕಾಣಲಿ ಎಂದು ಅಂಚು ಕೊರೆದರು, ಅದರ ಮೇಲೆ ಗೆರೆ ಗೀರಿ ಕಪ್ಪು ತುಂಬಿದರು. 1986ರಲ್ಲಿ ನಮ್ಮ ದೇಶದ ಆನೆಯ ದಂತದ ವ್ಯಾಪಾರಕ್ಕೂ 1991ರಲ್ಲಿ ಆಫ್ರಿಕದಿಂದ ತರಿಸಿದ್ದಕ್ಕೂ ಕಾನೂನಿನ ತಡೆ ಬಿದ್ದ ಮೇಲೆ ಮೈಸೂರಿನ ಇನ್‌ಲೇ ಕೆಲಸದವರೂ ಪ್ಲಾಸ್ಟಿಕ್ಕಿಗೆ ಬಂದರು. ಆನೆಗೆ ಅದರಿಂದ ಕೂಡಲೇ ಸುಖವೇನೂ ಆಗಲಿಲ್ಲ. ದಂತಗಳ್ಳ ವೀರಪ್ಪನ್ ಕಾಡಿನಲ್ಲಿದ್ದಾಗ ದಂತ ಇರುವ ಗಂಡಾನೆಗಳೇ ಬೀಳುತ್ತಿದ್ದವು.

ಇವನ್ನೆಲ್ಲ ತಲೆಯಲ್ಲಿ ಕಟ್ಟಿಕೊಂಡು ಕೊಟ್ಟಿಗೆಗೆ ಹಿಂದಿರುಗಿದಾಗ ನನ್ನ ಅಭಿಪ್ರಾಯ ಗಟ್ಟಿಯಾಗಿತ್ತು. ಯಾರು ಕೇಳಲಿ ಬಿಡಲಿ, ದೊಡ್ಡಮ್ಮಂದಿರಿಗೆ ಅಭಿಪ್ರಾಯ ಹೇಳುವ ಹಕ್ಕಿದೆ. “ತೆಗೆದುಹಾಕಿದರೆ ಯಾವ ಆನೆಯೂ ಎದ್ದು ಬರುವುದಿಲ್ಲ. ಇದ್ದದ್ದು ಇರಲಿ. ಹೋದದ್ದಕ್ಕೆ ಬಣ್ಣ ಹೊಂದದಿದ್ದರೂ ಸಿಕ್ಕಿದ್ದನ್ನೇ ಹಾಕಿ. ತೇಪೆ ಕಾಣಲಿ.”

“ಕಾಣಲಿ ಅಂತ ದುಡ್ಡು ಕೊಡುತ್ತಾರಾ ಯಾರಾದರೂ?” ಎಂದಳು ತಂಗಿ.

ಹಿರಿಯರು ಎರಡು ಕಡೆಗೂ ವಾಲಲಿಲ್ಲ. ಪ್ಲಾಸ್ಟಿಕ್ ಹಾಕಿದರೆ ಅದರಲ್ಲಿ ಅವಮಾನವೇನೂ ಇಲ್ಲ, ಮಕ್ಕಳ ಕೈಗೆ ಗಟ್ಟಿಮುಟ್ಟು, ಒರೆಸುವುದು ಸುಲಭ ಎಂದರು. ಬಿಡಿಸಿದ ಹಾಳೆಗಳನ್ನು ಮಾತ್ರ ಮಾರುವ ಯೋಚನೆ ಬೇಡ ಎಂದು ಎಚ್ಚರಿಸಿದರು. 2016ರ ಅಮೆರಿಕದ ನಿಯಮದಲ್ಲಿ 200 ಗ್ರಾಂಗಿಂತ ಕಡಿಮೆ ದಂತ ಒಂದು ದೊಡ್ಡ ವಸ್ತುವಿನ ಭಾಗವಾಗಿಯೇ ಇದ್ದರೆ ವಿನಾಯಿತಿ ಉಂಟು. ಬಿಡಿಬಿಡಿ ಹಾಳೆಗಳಿಗೆ ಆ ವಿನಾಯಿತಿ ಇಲ್ಲ. ಒಂದು ಹಾಳೆಯನ್ನು ಮೈಸೂರಿಗೆ ಒಯ್ದು ಪರಿಚಯದ ಇನ್‌ಲೇ ಕೆಲಸದವರಿಗೆ ತೋರಿಸಬೇಕೆಂದು ನನ್ನ ಮನಸ್ಸಿನಲ್ಲಿದ್ದ ಆಸೆಯನ್ನು ಬಾಯಿ ಬಿಡದೆ ನುಂಗಿಕೊಂಡೆ.

ಕೊನೆಗೆ ಗೆದ್ದದ್ದು ನನ್ನ ಮಾತಲ್ಲ. ಬಾರಿಸುವವಳನ್ನು ಕೇಳಿ ಎಂದರು ಅವರು. ಆಗ ಅವಳು ಪಿಯಾನೊದ ಬಳಿ ಇರಲಿಲ್ಲ, ಡ್ರಾಯರಿನ ಮುಂದೆ ನೆಲದ ಮೇಲೆ ಕುಳಿತು ಹಾಳೆಗಳನ್ನು ಬಣ್ಣದ ಪ್ರಕಾರ ಸಾಲು ಹಚ್ಚುತ್ತಿದ್ದಳು. ಕಾಮ್‌ಸ್ಟಾಕ್, ಚೀನಿ ಕಂಪನಿಯಲ್ಲಿ ಸಂಬಳ ಕೊಟ್ಟು ಮಾಡಿಸುತ್ತಿದ್ದ ಕೆಲಸ. “ದೊಡ್ಡಮ್ಮಾ, ಇದು ನೋಡು, ನಮ್ಮ ಪಿಯಾನೊದ್ದೇ ಬಣ್ಣ,” ಎಂದು ಒಂದನ್ನು ಎತ್ತಿ ಹಿಡಿದಳು. ಬಣ್ಣ ಹತ್ತಿರವಿತ್ತು, ಅಗಲ ಸ್ವಲ್ಪ ಹೆಚ್ಚಿತ್ತು. ಹೆಚ್ಚಿದ್ದರೆ ಅರದಲ್ಲಿ ತೀಡಬಹುದು, ಕಡಿಮೆ ಇದ್ದರೆ ಏನೂ ಮಾಡಲಾಗದು ಎಂದು ಅವರು ಅದನ್ನು ಪಕ್ಕಕ್ಕಿಟ್ಟುಕೊಂಡರು. ತಂಗಿ ಅಲ್ಲಿಗೆ ಸೋತಳು.

ಅವರ ಉಪಾಯ ಹೀಗಿತ್ತು. ನಡುಭಾಗದಲ್ಲಿ ಹಾಳಾದ ಕೀಗಳಿಗೆ ಎರಡೂ ತುದಿಗಳ ಒಳ್ಳೆಯ ದಂತವನ್ನು ಬಿಡಿಸಿ ತಂದು ಕೂರಿಸುವುದು. ಬಣ್ಣ ಹೊಂದದ ಹಾಳೆಗಳನ್ನು ತೀರಾ ಎಡ, ತೀರಾ ಬಲದ ಕೀಗಳಿಗೆ ಹಾಕುವುದು. ಅಲ್ಲಿಗೆ ಬೆರಳು ಹೋಗುವುದೇ ಅಪರೂಪ, ಕಣ್ಣು ಹೋಗುವುದು ಇನ್ನೂ ಅಪರೂಪ. ಅವರ ಕಸುಬಿನ ನೂರು ವರ್ಷದ ಸಂಸ್ಕಾರವೇ ಗುರುತು ಕಾಣದಂತೆ ಮಾಡುವುದು. ತೇಪೆ ಕಾಣಲಿ ಎಂಬ ನನ್ನ ಮಾತು ಆ ಕೈಗೆ ಒಗ್ಗುವಂಥದ್ದಲ್ಲ. ಹಳದಿಯನ್ನು ಪೂರ್ತಿ ತೆಗೆಯುವುದಿಲ್ಲ ಎಂದು ಮಾತ್ರ ಒಪ್ಪಿದರು. ಪೆರಾಕ್ಸೈಡ್ ಹೆಚ್ಚಾದರೆ ದಂತ ಸುಣ್ಣದಂತೆ ಪೆಡಸಾಗುತ್ತದೆ ಎನ್ನುವುದು ಅದಕ್ಕೆ ಕಾರಣ. ಕರಿ ಕೀಗಳು ಎಬೊನಿ ಮರದವು. ಉಗುರಿನ ಗೀರು ತೀಡಿ ಎಣ್ಣೆ ಕೊಟ್ಟರೆ ಸಾಕಾಯಿತು.

ಪಿಯಾನೊ ಮನೆಗೆ ಬರುವಷ್ಟರಲ್ಲಿ ನಾನು ಮೈಸೂರಿಗೆ ಮರಳಿದ್ದೆ. ತಂಗಿ ಫೋನಿನ ಕ್ಯಾಮೆರಾ ಹಿಡಿದು ಎಡದಿಂದ ಬಲಕ್ಕೆ ತೋರಿಸಿದಳು. ಎಡತುದಿಯ ನಾಲ್ಕು ಕೀಗಳು ಮಜ್ಜಿಗೆಯಷ್ಟು ಬಿಳಿ, ನಡುವೆಲ್ಲ ಬೆಣ್ಣೆಯ ಬಣ್ಣ, ಬಲತುದಿಯಲ್ಲಿ ಒಂದು ಮಾತ್ರ ಜೇನಿನಂತೆ ಕಂದು. “ನೋಡು, ಹೊಸ ಪಿಯಾನೊದ ಅರ್ಧ ಬೆಲೆ ಕೊಟ್ಟು ತೇಪೆ ಹಾಕಿಸಿಕೊಂಡದ್ದಾಯಿತು,” ಎಂದಳು. ಮುಚ್ಚಳ ಮುಚ್ಚಬೇಡಿ, ಬೆಳಕು ಬೀಳಲಿ ಎಂದು ಅವರು ಹೇಳಿದ್ದರಂತೆ. ತೆರೆದಿಟ್ಟರೆ ಧೂಳು ಕೂರುತ್ತದೆ ಎಂದು ತಂಗಿಯ ಗಂಡ ಮುಚ್ಚುತ್ತಾರಂತೆ. ಮಗಳು ಶಾಲೆಯಿಂದ ಬಂದು ತೆರೆಯುತ್ತಾಳಂತೆ.